ಸತ್ಯಾಂಶ: ನಿದ್ರಾ ಪರೀಕ್ಷೆಯಲ್ಲಿ ತಲೆಗೆ ಕರೆಂಟ್ ಕೊಡುವುದಿಲ್ಲ

ಗೊರಕೆಯ ಪರೀಕ್ಷೆಗೆಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಅರಿವಳಿಕೆ ಚುಚ್ಚಿ ತಲೆಗೆ ಕರೆಂಟ್ ಹಾಯಿಸುತ್ತಾರೆ ಎಂಬ ವಾಟ್ಸಾಪ್ ಸಂದೇಶವನ್ನು ನಂಬಿ ರಾಯಚೂರಿನ ನನ್ನ ಹಿರಿಯ ಬಂಧುವೊಬ್ಬರು ಪರೀಕ್ಷೆಯನ್ನೇ ಮುಂದೂಡಿದ್ದಾರೆ. ಆ ಸಂದೇಶ ನಿಜವಲ್ಲ. ನೆತ್ತಿ, ಕಣ್ಣಂಚು, ಗದ್ದ, ಕಾಲುಗಳಿಗೆ ಅಂಟಿಸುವ ತಂತಿಗಳು, ಎದೆ ಮತ್ತು ಹೊಟ್ಟೆಯ ಪಟ್ಟಿಗಳು, ಮೂಗಿನ ಬಳಿಯ ನಳಿಕೆ, ಬೆರಳಿನ ಆಕ್ಸಿಮೀಟರ್ ಇವೆಲ್ಲ ದೇಹದ ಸಂಕೇತಗಳನ್ನು ದಾಖಲಿಸುತ್ತವೆಯೇ ಹೊರತು ದೇಹಕ್ಕೆ ವಿದ್ಯುತ್ ಹರಿಸುವುದಿಲ್ಲ. ಅರಿವಳಿಕೆಯೂ ಇಲ್ಲ, ಏಕೆಂದರೆ ಅಳೆಯಬೇಕಾದದ್ದು ಸಹಜ ನಿದ್ರೆಯನ್ನೇ. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವ ಅಥವಾ ಕುಗ್ಗುವ ಪ್ರಸಂಗಗಳನ್ನು ಎಣಿಸಿ, ಅವು ಗಂಟೆಗೆ ಸರಾಸರಿ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೊಂದರೆ ತೀವ್ರವೆಂದು ಪರಿಗಣಿಸುತ್ತಾರೆ. ತಲೆಗೆ ಎಣ್ಣೆ ಹಚ್ಚದೆ ಹೋಗಬೇಕು (ನಮ್ಮ ಬಿಸಿಲೂರಿನವರಿಗೆ ಇದನ್ನು ಒತ್ತಿ ಹೇಳಲೇಬೇಕು), ಇಲ್ಲವಾದರೆ ತಂತಿಗಳು ಸರಿಯಾಗಿ ಅಂಟುವುದಿಲ್ಲ. ಶೌಚಕ್ಕೆ ಏಳಬೇಕಾದರೆ ತಂತ್ರಜ್ಞರು ಬಂದು ತಂತಿಗಳನ್ನು ಯಂತ್ರದಿಂದ ಬಿಡಿಸಿಕೊಡುತ್ತಾರೆ.