ಎದೆ ನಡುಗಿಸುವ ಫಲಕ

ಕಲಾ ಪ್ರದರ್ಶನದ ಕತ್ತಲ ಕೋಣೆ, ಬಾಗಿಲಿಗೆ ಕಪ್ಪು ಪರದೆ, ಪಕ್ಕದಲ್ಲಿ ಫಲಕ: ‘ಗರ್ಭಿಣಿಯರು, ಹೃದ್ರೋಗಿಗಳು ಪ್ರವೇಶಿಸಬಾರದು. ಕಿವಿಗೆ ಕೇಳದ 17 ಹರ್ಟ್ಸ್ ನಾದ ನಿಮ್ಮ ಅಸ್ತಿತ್ವದ ಬೇರನ್ನೇ ಅಲುಗಿಸಲಿದೆ.’ ಇಡೀ ಕಲಾಕೃತಿಯಲ್ಲಿ ನಂಬಿಕಸ್ತವಾಗಿ ಕೆಲಸ ಮಾಡುವ ಭಾಗ ಈ ಫಲಕವೊಂದೇ. ಅದಕ್ಕೆ ಕರೆಂಟೂ ಬೇಡ.

ಲ್ಯಾಪ್‌ಟಾಪಿನಲ್ಲಿ 17 ಹರ್ಟ್ಸ್ ನಾದ, ಅಂದರೆ ಸೆಕೆಂಡಿಗೆ 17 ಕಂಪನ, ಅಚ್ಚುಕಟ್ಟಾಗಿಯೇ ಇರುತ್ತದೆ. ಅದು ಸಾಯುವುದು ಆಂಪ್ಲಿಫೈಯರಿನಲ್ಲಿ. ಸ್ಪೀಕರ್ ಹರಿದುಹೋಗದಿರಲೆಂದು ತಯಾರಕರು 30 ಹರ್ಟ್ಸ್ ಆಸುಪಾಸಿನಲ್ಲೊಂದು ಫಿಲ್ಟರ್ ಇಟ್ಟಿರುತ್ತಾರೆ. ಅದರ ಕೆಳಗಿನದು ಹೆಚ್ಚುಕಡಿಮೆ ಹೊರಗೇ ಬರುವುದಿಲ್ಲ. ಆದರೂ ಉದ್ಘಾಟನೆಯ ದಿನ ಮೂವರು ಅಳುತ್ತಾರೆ, ಒಬ್ಬರಿಗೆ ಪೂರ್ವಜನ್ಮ ಹೊಳೆಯುತ್ತದೆ.

ಫಿಲ್ಟರ್ ತೆಗೆದರೋ? ಬಾಡಿಗೆಗೆ ಸಿಗುವ ಸಬ್‌ವೂಫರ್, ಅಂದರೆ ತಗ್ಗು ನಾದದ ಸ್ಪೀಕರ್, ಸಾಮಾನ್ಯವಾಗಿ ಗಾಳಿಕಿಂಡಿಯ ಪೆಟ್ಟಿಗೆ. ಕಿಂಡಿಯನ್ನು ಯಾವ ಆವರ್ತನಕ್ಕೆ ಹೊಂದಿಸಿರುತ್ತಾರೋ ಅದಕ್ಕಿಂತ ಕೆಳಗಿಳಿದರೆ ಪೆಟ್ಟಿಗೆಯೊಳಗಿನ ಗಾಳಿ ಕೋನನ್ನು, ಅಂದರೆ ಸ್ಪೀಕರಿನ ಅದುರುವ ಬಟ್ಟಲನ್ನು, ತಡೆದು ಹಿಡಿಯುವುದಿಲ್ಲ. ಕೋನ್ ಅಂಕೆ ತಪ್ಪಿ ಹೊಯ್ದಾಡುತ್ತದೆ, ಕಿಂಡಿ ಬುಸುಗುಡುತ್ತದೆ. ಮರುದಿನ ಪ್ರದರ್ಶನದ ಕೈಪಿಡಿಯಲ್ಲಿ ‘ಭೂಮಿಯ ಉಸಿರು’ ಎಂಬ ಸಾಲು ಸೇರುತ್ತದೆ. ಹಾಡಿನಲ್ಲಾದರೆ ನಡುನಡುವೆ ವಿರಾಮವಿರುತ್ತದೆ. ಒಂದೇ ಸಮ ಮೊಳಗುವ ಸೈನ್ ತರಂಗದಲ್ಲಿ ಕೋನನ್ನು ಅಲುಗಿಸುವ ತಂತಿ ಸುರುಳಿ (ವಾಯ್ಸ್ ಕಾಯಿಲ್) ತಣಿಯಲು ಬಿಡುವೇ ಇಲ್ಲ. ಸುಟ್ಟ ವಾಸನೆಗೂ ವ್ಯಾಖ್ಯಾನ ಸಿಗುತ್ತದೆ, ಆ ಚಿಂತೆ ಬೇಡ.

ಲೆಕ್ಕ ಇಷ್ಟೇ: ಅದೇ ಮಟ್ಟದ ಒತ್ತಡಕ್ಕೆ ಆವರ್ತನ ಅರ್ಧವಾದಾಗಲೆಲ್ಲ ಕೋನ್ ನಾಲ್ಕು ಪಟ್ಟು ದೂರ ಓಡಬೇಕು. ನೆಲದ ಮೇಲಿಟ್ಟ ಮುಚ್ಚಿದ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಬರಬೇಕಾದರೆ, 15 ಇಂಚಿನ ಕೋನಿಗೆ 40 ಹರ್ಟ್ಸ್‌ನಲ್ಲಿ ಎರಡೂ ಕಡೆ ಮೂರು ಮಿಲಿಮೀಟರ್ ಸಾಕು. 17ರಲ್ಲಿ ಸುಮಾರು 15 ಬೇಕು. ಹಾಗಾಗಿ ಮುಚ್ಚಿದ ಪೆಟ್ಟಿಗೆಗಳು, ಉದ್ದ ಓಟದ ಕೋನುಗಳು, ಅವೂ ಒಂದಲ್ಲ ನಾಲ್ಕು. ನಾದವನ್ನು ಥಟ್ಟನೆ ಶುರು ಮಾಡದೆ ಎರಡು ಮೂರು ಸೆಕೆಂಡಿನಲ್ಲಿ ಏರಿಸಬೇಕು. ಪರದೆಯ ಬದಲು ಬಿಗಿಯಾದ ಬಾಗಿಲು ಬೇಕು. ಇಷ್ಟು ಹೇಳುವಷ್ಟರಲ್ಲಿ ಆಯೋಜಕರು ಪರದೆಯ ಬಣ್ಣದ ಚರ್ಚೆಗೆ ಎದ್ದುಹೋಗಿರುತ್ತಾರೆ.

ಇನ್ನು ಆಸನ. 17 ಹರ್ಟ್ಸ್‌ನ ಅಲೆಯ ಉದ್ದ 20 ಮೀಟರ್. ಕೋಣೆ 10 ಮೀಟರ್ ಉದ್ದವಿದ್ದರೆ ಅಲ್ಲಿ ನಿಂತ ಅಲೆ ಏಳುತ್ತದೆ: ಎರಡು ತುದಿಯ ಗೋಡೆಗಳ ಬಳಿ ಒತ್ತಡ ಗರಿಷ್ಠ, ನಟ್ಟನಡುವೆ ಬಹುತೇಕ ಸೊನ್ನೆ. ಧ್ಯಾನದ ಪೀಠ ಇಡುವುದು ನಟ್ಟನಡುವೆಯೇ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡ ಕಾವಲುಗಾರನಿಗೆ ಕಲೆಯ ಪೂರ್ಣ ಪ್ರಸಾದ.

ಪ್ರೇಕ್ಷಕರಿಗೆ ನಿಜವಾಗಿ ಕೇಳಿಸುವುದು 17ರ ಎರಡು ಮತ್ತು ಮೂರು ಪಟ್ಟಾದ 34 ಮತ್ತು 51 ಹರ್ಟ್ಸ್, ಅಂದರೆ ಸ್ಪೀಕರ್ ತಾನೇ ಸೇರಿಸುವ ವಿಕೃತಿ. ಜೊತೆಗೆ ತೂಗುಚಾವಣಿಯ ಗಡಗಡ. ಪ್ರದರ್ಶನಕ್ಕೆ ಮುಂಚೆ 15ರಿಂದ 60 ಹರ್ಟ್ಸ್‌ವರೆಗೆ ನಾದವನ್ನು ನಿಧಾನ ಏರಿಸುತ್ತ, ದೀಪ, ಗಾಜು, ಕಿಟಕಿಗಳ ಮೇಲೆ ಕೈಯಿಟ್ಟು ನೋಡಿ ಸ್ಕ್ರೂ ಬಿಗಿದರೆ ಅರ್ಧ ಭೂತ ಓಡಿಹೋಗುತ್ತದೆ. ಯಾರೂ ಬಿಗಿಯುವುದಿಲ್ಲ, ಭೂತಕ್ಕೇ ಟಿಕೆಟ್ ತಾನೆ.

ಸುರಕ್ಷತಾ ಸಮಿತಿಯದು ಇನ್ನೂ ಸೊಗಸು. ಅವರ ಶಬ್ದದ ಮೀಟರ್ ‘ಎ’ ತೂಕದಲ್ಲಿರುತ್ತದೆ, ಅಂದರೆ ಕಿವಿಗೆ ಮಂದವಾಗಿ ಕೇಳುವ ಆವರ್ತನಗಳನ್ನು ಕಡಿಮೆ ಎಣಿಸುತ್ತದೆ. ಅದು 20 ಹರ್ಟ್ಸ್‌ನಲ್ಲಿ 50 ಡೆಸಿಬಲ್ ಕಳೆದೇ ತೋರಿಸುತ್ತದೆ. 100 ಇದ್ದದ್ದು 50 ಆಗಿ, ‘ಪರಿಸರ ಪ್ರಶಾಂತ’ ಎಂಬ ವರದಿ ಸಿದ್ಧ. ಇಂಥದ್ದಕ್ಕೆಂದೇ 1995ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7196ರಲ್ಲಿ ‘ಜಿ’ ತೂಕವಿದೆ. ಆದರೆ ಹೊರಗೆ ‘ಅಪಾಯ’ ಫಲಕ, ಕಡತದಲ್ಲಿ ‘ಪ್ರಶಾಂತ’ ವರದಿ, ಎರಡಕ್ಕೂ ಒಂದೇ ಮೊಹರು ಬಿದ್ದಮೇಲೆ ಅದು ಯಾರಿಗೆ ಬೇಕು?

ಎದೆಗೆ ನಿಜವಾಗಿ ಗುದ್ದುವುದು 40ರಿಂದ 80 ಹರ್ಟ್ಸ್. ಮರದ ಜಗುಲಿಯ ಕೆಳಗೆ ನಾದವನ್ನು ನಡುಕವಾಗಿಸುವ ನಾಲ್ಕು ಬಾಸ್ ಶೇಕರ್ ಬಿಗಿದು, ಜಗುಲಿಯನ್ನು ರಬ್ಬರ್ ಕಾಲುಗಳ ಮೇಲೆ ನಿಲ್ಲಿಸಿದರೆ ಮೊಣಕಾಲಿನವರೆಗೂ ನಡುಕ ಖಚಿತ, ಖರ್ಚೂ ಕಡಿಮೆ. ಆದರೆ 50 ಹರ್ಟ್ಸ್ ಕಿವಿಗೂ ಕೇಳುತ್ತದಲ್ಲ! ಕೇಳುವ ಶಬ್ದಕ್ಕೆ ಯಾವ ಅನುದಾನ?

ಕೈಪಿಡಿಗಳೆಲ್ಲ ತಪ್ಪದೆ ಸ್ಮರಿಸುವ ಹೆಸರು ಬ್ರಿಟಿಷ್ ಎಂಜಿನಿಯರ್ ವಿಕ್ ಟ್ಯಾಂಡಿ. ಪ್ರಯೋಗಾಲಯದಲ್ಲಿ ಕಂಡ ‘ದೆವ್ವ’ದ ಬೆನ್ನು ಹತ್ತಿ, ಅದರ ಹಿಂದೆ ಫ್ಯಾನೊಂದು ಎಬ್ಬಿಸಿದ ಸುಮಾರು 19 ಹರ್ಟ್ಸ್ ಅಲೆಯಿತ್ತು ಎಂದು 1998ರಲ್ಲಿ ಬರೆದವರು. ಅವರು ದೆವ್ವ ಬಿಡಿಸಲು ಹೊರಟಿದ್ದರು, ನಮ್ಮ ಆಯೋಜಕರು ಕೂರಿಸಲು. 2003ರಲ್ಲಿ ಲಂಡನ್ನಿನ ಸಂಗೀತ ಸಭಾಂಗಣ ಪರ್ಸೆಲ್ ರೂಮ್‌ನಲ್ಲಿ ವಿಜ್ಞಾನಿಗಳು, ಕಲಾವಿದರು ಸೇರಿ ಏಳು ಮೀಟರ್ ಉದ್ದದ ಚರಂಡಿ ಪೈಪಿಗೆ ಸ್ಪೀಕರ್ ಕೂರಿಸಿ ಸಂಗೀತ ಕಛೇರಿಯಲ್ಲಿ 17 ಹರ್ಟ್ಸ್ ಬೆರೆಸಿದರು. ಯಾವ ಕೃತಿಯಲ್ಲಿ ಅದಿದೆ, ಯಾವುದರಲ್ಲಿಲ್ಲ ಎಂದು ಕೇಳುಗರಿಗೆ ತಿಳಿಸಲಿಲ್ಲ. ಕೈಪಿಡಿಗೆ ಪೈಪು ಬಂತು, ತಿಳಿಸದಿರುವ ಜಾಣ್ಮೆ ಬರಲಿಲ್ಲ.

ಒಂದು ದಿನ ಫಲಕ ತೆಗೆದು ನಾದ ಇಡಿ, ಇನ್ನೊಂದು ದಿನ ನಾದ ನಿಲ್ಲಿಸಿ ಫಲಕ ಇಡಿ, ಅಭಿಪ್ರಾಯ ಪುಸ್ತಕ ಮಾತ್ರ ಒಂದೇ ಇರಲಿ. ಎರಡನೆಯ ದಿನದ ಪ್ರಯೋಗ ಬಹುಶಃ ಆಗಲೇ ನಡೆಯುತ್ತಿದೆ: ತಲೆ ಸಿಡಿಯುತ್ತದೆಂದು ಕಾವಲುಗಾರ ದಿನಾ ಹನ್ನೊಂದಕ್ಕೇ ಪ್ಲಗ್ ಕಿತ್ತಿಡುತ್ತಾನೆ.