ಬಿಟ್‌ಕಾಯಿನ್ ಫಂಡಿಗೆ ರೇಟ್ ಕಟ್ಟುವವರು ಯಾರು?

ಕೋಲಾರದ ಟೀ ಅಂಗಡಿಗಳಲ್ಲೂ ಈಗ ಬಿಟ್‌ಕಾಯಿನ್ ಮಾತು. ಏರುತ್ತಾ, ಇಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಬಿಟ್‌ಕಾಯಿನ್ ಇಟ್ಟುಕೊಂಡ ಫಂಡ್ ತನ್ನ ಷೇರಿಗೆ ಯಾವ ರೇಟ್ ಹಿಡಿಯುತ್ತದೆ, ಎಲ್ಲಿ ನೋಡಿ ಹಿಡಿಯುತ್ತದೆ ಅನ್ನುವುದು ಯಾರಿಗೂ ಬೇಕಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ಅಮೆರಿಕದ ವಿಂಕಲ್‌ವಾಸ್ ಅವಳಿ ಸೋದರರು ಇಂಥ ಫಂಡಿಗೆ 2013ರಲ್ಲೇ ಅರ್ಜಿ ಹಾಕಿದ್ದರು. ಮೊದಲು ಹಲವು ಎಕ್ಸ್‌ಚೇಂಜ್‌ಗಳ, ಅಂದರೆ ಬಿಟ್‌ಕಾಯಿನ್ ಕೊಂಡು ಮಾರುವ ಆನ್‌ಲೈನ್ ಮಾರುಕಟ್ಟೆಗಳ, ವ್ಯಾಪಾರ ಸೇರಿಸಿ ರೇಟ್ ಲೆಕ್ಕ ಹಾಕುವ ಯೋಚನೆ ಇತ್ತು. ಆಮೇಲೆ ಅದನ್ನು ಬಿಟ್ಟು, ಜೆಮಿನಿ ಎಕ್ಸ್‌ಚೇಂಜ್‌ನಲ್ಲಿ ನ್ಯೂಯಾರ್ಕ್ ಸಮಯ ಸಂಜೆ 4 ಗಂಟೆಗೆ ನಡೆಯುವ ಹರಾಜಿನ ರೇಟೇ ಸಾಕು ಅಂದರು. ಜೆಮಿನಿ ಯಾರದು? ಅವರದ್ದೇ! ನಮ್ಮ ಎಪಿಎಂಸಿಯಲ್ಲಿ ಒಬ್ಬ ಮಂಡಿ ಮಾಲೀಕ, ನನ್ನ ಮಂಡಿಯ ಹರಾಜಿನಲ್ಲಿ ಟೊಮೇಟೊ ಬಾಕ್ಸಿಗೆ ಬಂದದ್ದೇ ಇಡೀ ಕೋಲಾರದ ರೇಟು ಅಂದರೆ ರೈತರು ಸುಮ್ನೆ ಇರುತ್ತಾರಾ? ಹರಾಜು ನ್ಯಾಯವಾಗಿಯೇ ನಡೆದಿರಬಹುದು. ಆದರೂ ಕೂಗುವವರು ಕಡಿಮೆ ಇದ್ದ ಕಡೆ, ಕೈಯಲ್ಲಿ ದುಡ್ಡಿದ್ದವನು ರೇಟನ್ನು ಬೇಕಾದ ಕಡೆ ಎಳೆಯಬಹುದು ಅಲ್ವಾ? ಬಿಟ್‌ಕಾಯಿನ್ ಮಾರುಕಟ್ಟೆಯಲ್ಲಿ ಕೈವಾಡ ತಡೆಯುವ ವ್ಯವಸ್ಥೆ ಸಾಲದು ಅಂತ ಅಲ್ಲಿನ ನಿಯಂತ್ರಕ ಎಸ್‌ಇಸಿ 2017ರಲ್ಲೂ 2018ರಲ್ಲೂ ಆ ಫಂಡಿಗೆ ಒಪ್ಪಿಗೆ ಕೊಡಲಿಲ್ಲ.

2024ರ ಜನವರಿಯಲ್ಲಿ ಕೊನೆಗೂ ಇಂಥ ಫಂಡುಗಳಿಗೆ ಒಪ್ಪಿಗೆ ಸಿಕ್ಕಿತು. ಅವುಗಳಲ್ಲಿ ಬ್ಲ್ಯಾಕ್‌ರಾಕ್ ಅನ್ನುವ ಕಂಪನಿಯ ಫಂಡಿನ ಲೆಕ್ಕ ನನಗೆ ಹಿಡಿಸಿತು. ನ್ಯೂಯಾರ್ಕ್‌ನಲ್ಲಿ 3ರಿಂದ 4 ಗಂಟೆವರೆಗೆ ಹಲವು ಎಕ್ಸ್‌ಚೇಂಜ್‌ಗಳಲ್ಲಿ ನಡೆದ ವ್ಯಾಪಾರವನ್ನು ಐದೈದು ನಿಮಿಷದ 12 ತುಂಡು ಮಾಡುತ್ತಾರೆ. ಒಂದೊಂದು ತುಂಡಿನಲ್ಲೂ ವ್ಯಾಪಾರದ ಪ್ರಮಾಣ ನೋಡಿಕೊಂಡು ನಟ್ಟನಡುವಿನ ರೇಟ್ ಹಿಡಿದು, ಕೊನೆಗೆ ಹನ್ನೆರಡಕ್ಕೂ ಸಮಪಾಲು ಕೊಟ್ಟು ಸರಾಸರಿ ತೆಗೆಯುತ್ತಾರೆ. ಯಾರೋ ಕೊನೇ ನಿಮಿಷದಲ್ಲಿ ದೊಡ್ಡ ಸೌದಾ ಹಾಕಿದರೂ ಕೆಡುವುದು ಒಂದು ತುಂಡು ಮಾತ್ರ. ನಮ್ಮಲ್ಲಿ ಆಗ ನಡುರಾತ್ರಿ ದಾಟಿರುತ್ತದೆ, ಅದು ಬೇರೆ ಮಾತು.

ಇಷ್ಟೆಲ್ಲ ಮಾಡಿ ಸಿಗುವುದು ಎನ್‌ಎವಿ, ಅಂದರೆ ಒಂದು ಷೇರಿನ ಹಿಂದೆ ಇರುವ ಬಿಟ್‌ಕಾಯಿನ್‌ನ ಬೆಲೆ. ಮಾರುಕಟ್ಟೆಯಲ್ಲಿ ಷೇರು ಅದೇ ಬೆಲೆಗೆ ಸಿಗಬೇಕು ಅಂತೇನಿಲ್ಲ. ಗ್ರೇಸ್ಕೇಲ್ ಟ್ರಸ್ಟ್ ಅನ್ನುವ ಇನ್ನೊಂದು ಬಿಟ್‌ಕಾಯಿನ್ ಫಂಡಿನ ಷೇರಿಗೆ 2017ರಲ್ಲಿ ಜನ ಎನ್‌ಎವಿಯ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟದ್ದೂ ಉಂಟು. 2022ರ ಡಿಸೆಂಬರ್‌ನಲ್ಲಿ ಅದೇ ಷೇರು ಎನ್‌ಎವಿಯ ಅರ್ಧದ ಹತ್ತಿರಕ್ಕೆ ಬಿದ್ದಿತ್ತು. ಕಾರಣ ಸರಳ. ಷೇರು ವಾಪಸ್ ಕೊಟ್ಟು ಅದರ ಪಾಲು ಪಡೆಯುವ ದಾರಿಯೇ ಅಲ್ಲಿ ಇರಲಿಲ್ಲ. 2024ರಲ್ಲಿ ದೊಡ್ಡ ಬ್ರೋಕರ್‌ಗಳಿಗೆ ಆ ದಾರಿ ತೆರೆದರು, ಅಂತರ ಹೆಚ್ಚು ಕಡಿಮೆ ಮುಚ್ಚಿಹೋಯಿತು.