ಎಲ್ಲಿಯ ಎಲ್?

ಶಿರಸಿಯ ಸಿ.ಪಿ. ಬಜಾರಿನ ಅಂಗಡಿಯಲ್ಲಿ ಕುರ್ತಾ ಸೈಜು ಎಲ್ ಆಗಿದ್ದವಳು ದೇವಿಕೆರೆಯ ಅಂಗಡಿ ಮುಟ್ಟುವಷ್ಟರಲ್ಲಿ ಡಬಲ್ ಎಕ್ಸೆಲ್ ಆಗಿದ್ದೆ. ನಡುವೆ ಹೊಟ್ಟೆಗೆ ಹೋದದ್ದು ಒಂದು ಲೋಟ ಕಬ್ಬಿನ ಹಾಲು ಮಾತ್ರ. ಅಷ್ಟಕ್ಕೇ ಸೊಂಟ ಬೆಳೆಯುವುದಾದರೆ ಗಾಣದವನು ಮೊದಲೇ ಒಂದು ಬೋರ್ಡು ಹಾಕಬೇಕಿತ್ತು.

"ಈ ಕಂಪನಿದು ಸ್ವಲ್ಪ ಚಿಕ್ಕ ಬರ್ತದೆ ಅಕ್ಕಾ" ಎಂದಳು ಅಂಗಡಿಯ ಹುಡುಗಿ. ಒಳ್ಳೆಯ ಹುಡುಗಿಯೇ. ಆದರೆ ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಅಟ್ಟದ ಮೇಲೆ ಸ್ಟಾಕ್ ಜೋಡಿಸುತ್ತಿದ್ದ ಹುಡುಗನಿಗೆ ಕೇಳುವಂತೆ "ಇದ್ರಲ್ಲಿ ಡಬಲ್ ಎಕ್ಸೆಲ್ ಒಗಿಯೋ" ಎಂದು ಕೂಗಿದಳು. ಅವನು ಬಗ್ಗಿ ನೋಡಿದ. ನನ್ನ ಹತ್ತಿರವೇ ಮಗ್ಗಿ ಕಲಿತವನು. "ಯಾರಿಗೆ, ಅಕ್ಕೋರಿಗಾ?" ಎಂದು ಕೇಳಿದ. ಸೀರೆ ನೋಡುತ್ತಿದ್ದ ಗಂಡ ಹೆಂಡತಿ ಇಬ್ಬರೂ ತಿರುಗಿ, ಅಕ್ಕೋರಿಗೆ ಹೌದೋ ಅಲ್ಲವೋ ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ತೀರ್ಮಾನ ಮಾಡಿಕೊಂಡರು.

ನಮ್ಮ ಮನೆಯವರು ಅಂಗಿ ತರುವ ಚಂದ ನೋಡಬೇಕು. "ನಲವತ್ತು, ಅರ್ಧ ತೋಳು, ನೀಲಿ." ಮುಗಿಯಿತು. ಟ್ರಯಲ್ ರೂಮು ಯಾವ ದಿಕ್ಕಿಗಿದೆ ಎಂದೂ ಅವರಿಗೆ ಗೊತ್ತಿಲ್ಲ. ಹೊಟ್ಟೆ ವರ್ಷಕ್ಕೊಂದು ಸುತ್ತು ಮುಂದೆ ಬರುತ್ತಿದ್ದರೂ ನಲವತ್ತು ನಲವತ್ತೇ. ನಾನು ಮಾತ್ರ ಪರದೆ ಪೂರ್ತಿ ಮುಚ್ಚದ ಒಂದು ಗೂಡಿನಲ್ಲಿ, ಇರುವ ಒಂದೇ ಮೊಳೆಗೆ ಬ್ಯಾಗು, ಸೆರಗು, ಮರ್ಯಾದೆ ಎಲ್ಲ ನೇತುಹಾಕಿ, ತೋಳಿನಲ್ಲಿ ಸಿಕ್ಕಿಕೊಂಡ ಕುರ್ತಾದಿಂದ ಹೊರಬರುವ ದಾರಿ ಹುಡುಕಬೇಕು.

ಹೀಗೆ ಅಂಗಡಿಗೊಂದು ಸೈಜು ಆಗುವುದಕ್ಕೆ ಒಂದು ಕಾರಣ ಇದೆಯಂತೆ. ಹುಡುಕಿ ಓದಿದ್ದೇನೆ. ಹೇಳುತ್ತೇನೆ, ಆದರೆ ಮೊದಲು ನಮ್ಮ ದೊಡ್ಡಾಯಿಯ, ಅಂದ್ರೆ ದೊಡ್ಡಮ್ಮನ, ರವಿಕೆ ವಿಷಯ ಆಗಿಬಿಡಲಿ.

ದೊಡ್ಡಾಯಿಗೆ ಎಸ್ಸು, ಎಮ್ಮು, ಎಲ್ಲು ಯಾವುದೂ ಗೊತ್ತಿರಲಿಲ್ಲ. ಅವಳ ಹತ್ತಿರ ಇದ್ದದ್ದು ಒಂದು ಅಳತೆ ರವಿಕೆ. ಇಟ್ಟಿಗೆ ಬಣ್ಣದ ಕಾಟನ್ನು, ತೋಳಿಗೆ ಸಣ್ಣ ಜರಿ. ಯಾರದೋ ಮದುವೆಗೆಂದು ಹೊಲಿಸಿದ್ದು. ಅದು ಮೈಗೆ ಎಷ್ಟು ಸರಿಯಾಗಿ ಕೂತಿತೆಂದರೆ, ಆ ಮದುವೆ ಬಿಟ್ಟು ಮತ್ತೆ ಅವಳು ಅದನ್ನು ತೊಡಲೇ ಇಲ್ಲ. ಅಳತೆಗೆ ಬೇಕು ಎಂದು ಟ್ರಂಕಿನಲ್ಲಿ ತೆಗೆದಿಟ್ಟಳು. ಹೊಲಿಗೆಗೆ ಕೊಡುವಾಗ ಮಾತ್ರ ಹೊರಗೆ ಬರುತ್ತಿತ್ತು.

ತೋಟ, ಕೊಟ್ಟಿಗೆ ಬಿಟ್ಟು ಶಿರಸಿಗೆ ಬರಲು ಅವಳಿಗೆ ಪುರುಸೊತ್ತಿಲ್ಲ. ಹೊಸ ಬಟ್ಟೆ, ಅಳತೆ ರವಿಕೆ, ಒಂದು ಚೀಟಿ, ಇಷ್ಟನ್ನು ಕೈಚೀಲಕ್ಕೆ ಹಾಕಿ ಬೆಳಗಿನ ಬಸ್ಸಿನ ಡ್ರೈವರ್ ಕೈಲಿ ಕೊಡುವುದು. ಹಳೆ ಬಸ್ ಸ್ಟ್ಯಾಂಡಿನಲ್ಲಿ ಟೇಲರ್ ಅಂಗಡಿಯ ಹುಡುಗ ಇಳಿಸಿಕೊಳ್ಳುವುದು. ಚೀಟಿಯಲ್ಲಿ ಮೊದಮೊದಲು "ಇದರಂತೆ" ಎಂದಷ್ಟೇ ಇತ್ತು. ಮಕ್ಕಳಾದ ಮೇಲೆ "ಇದಕ್ಕಿಂತ ಅರ್ಧ ಇಂಚು ಸಡಿಲ" ಎಂದಾಯಿತು. ಮುಂದೆ "ಒಂದೂವರೆ ಸಡಿಲ, ತೋಳು ಮಾತ್ರ ಇದರಂತೆ." ಕೊನೆಕೊನೆಗೆ ಆ ಚೀಟಿ ಪಹಣಿ ಪತ್ರದ ಹಾಗಾಗಿತ್ತು. ಎದೆ ಮೂರು ಜಾಸ್ತಿ. ಉದ್ದ ಒಂದು ಕಮ್ಮಿ. ಬಲದ ತೋಳು ಎಡಕ್ಕಿಂತ ಸ್ವಲ್ಪ ಹೆಚ್ಚು, ಕತ್ತಿ ಹಿಡಿಯುವ ಕೈ. ಕುತ್ತಿಗೆ ಕಳೆದ ಸಲದಂತೆ ಬೇಡ. ಹೊಸದೊಂದು ಅಳತೆ ರವಿಕೆ ಮಾಡ್ಕೊಳ್ಳಬಾರದಾ ಎಂದು ಕೇಳಿದರೆ, "ಇದೇ ಸರಿ ಇದ್ದು. ಬದ್ಲು ಮಾಡದು ಎಂತಕ್ಕೆ?" ಎನ್ನುತ್ತಿದ್ದಳು. ಮಾತು ಸುಳ್ಳಲ್ಲ. ರವಿಕೆ ಸರಿಯೇ ಇತ್ತು, ಬದಲಾದದ್ದು ದೊಡ್ಡಾಯಿ.

ಇದನ್ನು ಹಳ್ಳಿ ಹೆಂಗಸಿನ ಹಟ ಎಂದು ನಗುವವರಿಗೆ ಒಂದು ಮಾತು. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ 1889ರಿಂದ ಇಡೀ ಜಗತ್ತಿನ ಕಿಲೋಗ್ರಾಂ ಎಂದು ಪ್ಲಾಟಿನಂ ಇರಿಡಿಯಂ ಬೆರೆಸಿದ ಒಂದು ತುಂಡನ್ನು ಗಾಜಿನ ಮುಚ್ಚಳಗಳ ಒಳಗೆ ಇಟ್ಟಿದ್ದರು. ಹೊರಗೆ ತೆಗೆಯುವುದು ತೀರಾ ಅಪರೂಪಕ್ಕೆ. ಅದರ ನಕಲುಗಳನ್ನು ದೇಶದೇಶಕ್ಕೆ ಹಂಚಿದ್ದರು. 57ನೇ ನಂಬರಿನದು ದೆಹಲಿಯಲ್ಲಿದೆ. ನೂರು ವರ್ಷ ಕಳೆದು ತೂಗಿ ನೋಡಿದರೆ ಅಸಲಿಗೂ ನಕಲುಗಳಿಗೂ ಚೂರು ಫರಕು ಬಂದಿತ್ತು. ಅಸಲು ಇಳಿಯಿತೋ ನಕಲು ಏರಿತೋ ಹೇಳುವವರು ಯಾರು? ಅಸಲೇ ಅಳತೆಯಲ್ಲವಾ! ಕೊನೆಗೆ 2019ರ ಮೇ 20ರಂದು ಅದಕ್ಕೆ ಮರ್ಯಾದೆಯಿಂದ ನಿವೃತ್ತಿ ಕೊಟ್ಟರು.

ದೊಡ್ಡಾಯಿಯ ರವಿಕೆಗೆ ಅಂಥ ಮರ್ಯಾದೆ ಸಿಗಲಿಲ್ಲ. ಒಂದು ಮಳೆಗಾಲ ಟೇಲರ್ ಹುಡುಗ ಬರುವುದು ತಡವಾಯಿತು. ಬಸ್ಸು ಚೀಲದ ಸಮೇತ ಕುಮಟೆಗೆ ಹೊರಟುಹೋಯಿತು. ಗೋಕರ್ಣಕ್ಕೆ ಹೋಗಬೇಕು, ಸಮುದ್ರ ನೋಡಬೇಕು ಎಂದು ವರ್ಷಗಟ್ಟಲೆ ಹೇಳುತ್ತ ದೊಡ್ಡಾಯಿ ಮನೆಯಲ್ಲೇ ಇದ್ದಳು. ಅವಳ ರವಿಕೆ ಅವಳಿಗಿಂತ ಮೊದಲು ದೇವಿಮನೆ ಘಟ್ಟ ಇಳಿಯಿತು. ಊರಿಗೆಲ್ಲ ಇದ್ದ ಒಂದೇ ಫೋನಿನಿಂದ ಕುಮಟೆಯ ನೆಂಟರಿಗೆ ಕರೆ ಹೋಯಿತು. "ಅಳತೆನೇ ಇಲ್ದೆ ಅಂವ ಹೆಂಗೆ ಹೊಲಿತಾ?" ಎಂದು ದೊಡ್ಡಾಯಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನೆಂಟರ ಹುಡುಗ ಬಸ್ ಸ್ಟ್ಯಾಂಡಿಗೆ ಹೋಗಿ, ಯಾರ್‍ಯಾರನ್ನೋ ಕೇಳಿ, ಕೊನೆಗೆ ಚೀಲ ಪತ್ತೆ ಮಾಡಿ ಮತ್ತೊಂದು ಬಸ್ಸಿಗೆ ಹಾಕಿ ಕಳಿಸಿದ.

ಚೀಲ ಬಂತು. ಜೊತೆಗೆ ಒಣಮೀನಿನ ವಾಸನೆಯೂ ಬಂತು. ಪಕ್ಕದಲ್ಲಿ ಯಾರದೋ ಬುಟ್ಟಿ ಇತ್ತೇನೋ. ದೊಡ್ಡಾಯಿ ಮಾತಾಡದೆ ಬಚ್ಚಲ ಒಲೆಗೆ ಬೆಂಕಿ ಹಾಕಿದಳು. ಅಲ್ಲಿಯವರೆಗೆ ಬಿಸಿನೀರೇ ಕಾಣದ ರವಿಕೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಅಂಟುವಾಳ ಹಾಕಿ ಉಜ್ಜಿ, ಒಣಗಿಸಿ, ಮತ್ತೆ ಅದ್ದಿದಳು. ವಾಸನೆ ಹೋಯಿತು. ರವಿಕೆಯೂ ಸಾಕಷ್ಟು ಕುಗ್ಗಿತು. ಅದನ್ನು ಅವಳು ಗಮನಿಸಲಿಲ್ಲ. ಟೇಲರ್‌ಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವನು ಚೀಟಿಯಲ್ಲಿದ್ದಂತೆ ಮೂರು ಇಂಚು ಸೇರಿಸಿ ಹೊಲಿದ. ಅಣ್ಣನ ಉಪನಯನದ ದಿನ ಆ ಹೊಸ ರವಿಕೆಯ ಹುಕ್ಕು ಬಡಿಸುವ ಹೊತ್ತಿಗೆ ಒಂದೊಂದಾಗಿ ಹಾರಿದವು. ಸೆರಗು ಹೊದ್ದುಕೊಂಡೇ ದೊಡ್ಡಾಯಿ ಎಲ್ಲರಿಗೂ ಪಾಯಸ ಬಡಿಸಿದಳು. ಟೇಲರ್‌ನ ಕೈ ಕೆಟ್ಟಿದೆ ಎಂದು ಎಲೆ ಎಲೆಗೂ ಹೇಳಿದಳು. ಆ ಟೇಲರ್ ಇವತ್ತಿಗೂ ನಮ್ಮ ನೆಂಟರ ನಡುವೆ ಕೈ ಕೆಟ್ಟವನೇ.

ಹಾಂ, ಕಾರಣ. ಅಮೆರಿಕದಲ್ಲಿ 1939-40ರಲ್ಲಿ ಸರ್ಕಾರವೇ ಸುಮಾರು 15,000 ಹೆಂಗಸರ ಅಳತೆ ತೆಗೆಸಿತು. ಅದನ್ನು ಇಟ್ಟುಕೊಂಡು 1958ರಲ್ಲಿ ಒಂದು ಪಟ್ಟಿ ಬಂತು. ಆ ಪಟ್ಟಿಯಲ್ಲಿ 8ನೇ ಸೈಜು ಅಂದ್ರೆ ಸೊಂಟ ಇಪ್ಪತ್ತಮೂರುವರೆ ಇಂಚು. ಅಂಗಡಿಯವರಿಗೆ ಅದನ್ನು ಪಾಲಿಸಲೇಬೇಕು ಎಂಬ ಕಟ್ಟುಪಾಡೇನೂ ಇರಲಿಲ್ಲ. 1983ರಲ್ಲಿ ಸರ್ಕಾರವೂ ಪಟ್ಟಿಯನ್ನು ಕೈಬಿಟ್ಟಿತು. 2008ರ ಹೊತ್ತಿಗೆ ಅದೇ 8ನೇ ಸೈಜು ಐದಾರು ಇಂಚು ದಪ್ಪಗಾಗಿತ್ತು. ಸಣ್ಣ ನಂಬರು ಕಂಡರೆ ಗಿರಾಕಿಗೆ ಖುಷಿ, ಗಿರಾಕಿ ಖುಷಿಯಾದರೆ ಬಟ್ಟೆ ಹೋಗ್ತದೆ. ದೊಡ್ಡಾಯಿಯ ರವಿಕೆ ಕುಗ್ಗಿತು, ಅವರ ಎಂಟು ಹಿಗ್ಗಿತು.

ಇರಲಿ, ಖುಷಿಪಡಿಸಿ. ನನ್ನದೇನೂ ತಕರಾರಿಲ್ಲ. ಆದರೆ ಎಲ್ಲರೂ ಮಾತಾಡಿಕೊಂಡು ಖುಷಿಪಡಿಸಿ. ಒಂದು ಅಂಗಡಿಯಲ್ಲಿ ಖುಷಿ, ಎರಡು ತಿರುವು ದಾಟಿದರೆ ಅವಮಾನ ಅಂದ್ರೆ ಏನರ್ಥ? ಮಾರಿಕಾಂಬಾ ಜಾತ್ರೆಯ ನೈಟಿ ಅಂಗಡಿಯವರೇ ವಾಸಿ. "ಎಲ್ಲಾ ಫ್ರೀ ಸೈಜ್ ಅಕ್ಕಾ, ಎಲ್ಲಾರಿಗೂ ಆಗ್ತದೆ" ಎಂದು ಒಂದೇ ಸುಳ್ಳನ್ನು ಎಲ್ಲರಿಗೂ ಹೇಳುತ್ತಾರೆ. ಭೇದಭಾವ ಇಲ್ಲ.

ನಮ್ಮ ದೇಶಕ್ಕೂ ಸ್ವಂತ ಸೈಜು ಬೇಕು ಎಂದು ಜವಳಿ ಸಚಿವಾಲಯ ಮತ್ತು ಫ್ಯಾಷನ್ ಕಲಿಸುವ ಸಂಸ್ಥೆ ನಿಫ್ಟ್ ಸೇರಿ ಇಂಡಿಯಾ ಸೈಜ್ ಎಂಬ ಯೋಜನೆ ಹಾಕಿಕೊಂಡವು. 15ರಿಂದ 65 ವಯಸ್ಸಿನ 25,000 ಜನರನ್ನು ಆರು ನಗರಗಳಲ್ಲಿ ಸ್ಕ್ಯಾನರ್ ಮುಂದೆ ನಿಲ್ಲಿಸಿ ಅಳೆಯುವುದು. ಮುಂಬೈ ಇದೆ, ಬೆಂಗಳೂರು ಇದೆ, ದೂರದ ಶಿಲ್ಲಾಂಗ್ ಕೂಡ ಇದೆ. ಒಳ್ಳೆಯ ಕೆಲಸವೇ. ಆದರೂ ಲಿಫ್ಟಿನಲ್ಲಿ ಹತ್ತಿ ಇಳಿಯುವ ಭುಜಕ್ಕೂ ದರಕಿನ, ಅಂದ್ರೆ ಒಣಗಿದ ಎಲೆಯ, ಹೊರೆ ಹೊತ್ತು ಬೆಟ್ಟ ಇಳಿದ ಭುಜಕ್ಕೂ ಒಂದೇ ತೋಳು ಹೇಗೆ ಆಗ್ತದೆ ಎಂದು ನನಗಿನ್ನೂ ಅನುಮಾನ.

ಈಗ ನಾನು ಕುರ್ತಾ ತಂದವಳೇ ನೇರ ಟೇಲರ್ ಹತ್ತಿರ ಹೋಗುತ್ತೇನೆ. ಅವರ ಅಂಗಡಿಯಲ್ಲಿ ಹೊಸ ಹೊಲಿಗೆಗಿಂತ ಆಲ್ಟರ್ ಮಾಡುವ ಬಟ್ಟೆಯ ರಾಶಿಯೇ ದೊಡ್ಡದು. "ಇವರಿಗೆಲ್ಲ ಒಂದು ಅಳತೆ ಅನ್ನೋದು ಬೇಡವಾ?" ಎಂದು ನಾನು ಶುರು ಮಾಡಿದರೆ, ಟೇಪು ಕೊರಳಿಗೆ ಹಾಕಿಕೊಂಡು ನಗುತ್ತಾರೆ. "ಎಲ್ಲಾ ಸೈಜು ಸರಿ ಆಗಿಬಿಟ್ರೆ ನಾವು ಬದುಕೂದು ಹೇಗೆ ಅಕ್ಕೋರೆ?" ಬದಿಯ ಹೊಲಿಗೆ ಬಿಚ್ಚಿದರೆ ಒಳಗೆ ಕಾಲು ಇಂಚೂ ಬಟ್ಟೆ ಬಿಟ್ಟಿರುವುದಿಲ್ಲ. ಎಲ್ಲಿಂದ ಬಿಡಿಸುವುದು? ಅದಕ್ಕೇ ಒಂದು ಸೈಜು ದೊಡ್ಡದೇ ತಂದು ಹಿಡಿಸಿಕೊಳ್ಳಿ ಎಂದು ಅವರ ಸಲಹೆ. ಅಂದರೆ ತ್ರಿಬಲ್ ಎಕ್ಸೆಲ್. ಅಟ್ಟದ ಮೇಲಿನ ಆ ಹುಡುಗ ರಜೆ ಹಾಕಿದ ದಿನ ನೋಡಿ ಹೋಗಬೇಕು.

ಇಷ್ಟೆಲ್ಲ ಬಟ್ಟೆ ಸುರಿದು ತ್ರಿಬಲ್ ಎಕ್ಸೆಲ್ ಮಾಡುತ್ತಾರೆ, ಒಂದು ಕಿಸೆ ಇಡುವುದಿಲ್ಲ. ಕಿಸೆ ವಿಷಯ ಇವತ್ತು ಬೇಡ. ಬಿಪಿ ಜಾಸ್ತಿ ಆಗ್ತದೆ.